ಹತ್ತು ಸಲ ಕರೆದು ನೋಡಿದ್ದು

ನನ್ನ ಮೊಮ್ಮಗಳಿಗೆ ಈಗ ನಾಲ್ಕೂವರೆ ವರ್ಷ. ಅವಳಿಗೆ ಏನೇನು ಬರುತ್ತದೆ ಎಂದು ಯಾರಾದರೂ ಕೇಳಿದರೆ ಅರ್ಧ ಹಾಳೆಯಲ್ಲಿ ಬರೆದು ಮುಗಿಸಬಹುದು. ಒರಗಿಸಿ ಕೂರಿಸಿದರೆ ಸ್ವಲ್ಪ ಹೊತ್ತು ಕೂರುತ್ತಾಳೆ. ಗಂಜಿಯನ್ನು ಚಮಚೆಯಲ್ಲಿ ನಾಲಿಗೆಯ ಮೇಲೆ ಇಟ್ಟು ಕಾದರೆ ನುಂಗುತ್ತಾಳೆ. ಬಲಗೈಗೆ ಸೀರೆಯ ಸೆರಗು ಸಿಕ್ಕರೆ ಹಿಡಿದುಕೊಳ್ಳುತ್ತಾಳೆ. ಬಿಡಲು ಬರುವುದಿಲ್ಲ, ಬೆರಳನ್ನು ಒಂದೊಂದಾಗಿ ನಾವೇ ಬಿಡಿಸಬೇಕು. ಬಾರದಿರುವುದನ್ನು ಬರೆಯುತ್ತಾ ಕೂತರೆ ಎಷ್ಟು ಹಾಳೆ ಬೇಕೋ ಗೊತ್ತಿಲ್ಲ. ಬರುವುದು ಯಾವುದು, ಬಾರದಿರುವುದು ಯಾವುದು ಎಂದು ನೋಡಿ ಗುರುತು ಹಾಕುವ ಕೆಲಸ ಮನೆಯಲ್ಲಿ ನನ್ನದು.

ನಾನು ಓದಿದ್ದು ನಾಲ್ಕನೇ ಇಯತ್ತೆ. ಸಿದ್ದಾಪುರ ತಾಲೂಕಿನ ತ್ಯಾಗಲಿಯ ಕಡೆ ಹುಟ್ಟಿ, ಅಲ್ಲೇ ಹತ್ತಿರದಲ್ಲಿ ಮದುವೆಯಾಗಿ, ನಾಲ್ಕು ಮಕ್ಕಳನ್ನು ಹೆತ್ತು, ಗದ್ದೆ ಕೆಲಸ ಮಾಡಿಕೊಂಡು ಇದ್ದವಳು. ಗಂಡ ತೀರಿದ ಮೇಲೆ ಗದ್ದೆ ದೊಡ್ಡ ಮಗನ ಪಾಲಿಗೆ ಹೋಯಿತು, ನಾನು ಕಿರಿಯವನ ಜೊತೆ ಸಿರಸಿಗೆ ಬಂದೆ. ಅವನು ಬಸ್ ಕಂಡಕ್ಟರ್. ಸೊಸೆ ಬನವಾಸಿ ಕಡೆಯವಳು, ಮನೆಯಲ್ಲೇ ಮಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಅವಳ ಮಾತು ನಮ್ಮ ಮಾತಿನ ಹಾಗಲ್ಲ, ಎಲ್ಲದಕ್ಕೂ ಒಂದು 'ರೀ' ಸೇರಿಸುತ್ತಾಳೆ, ಬೈಯುವಾಗಲೂ. ಮದುವೆಯಾಗಿ ಏಳು ವರ್ಷದ ಮೇಲೆ ಹುಟ್ಟಿದ ಒಂದೇ ಮಗು ಇದು.

ಮೊದಲು ನನ್ನ ತಪ್ಪನ್ನು ಬರೆಯುತ್ತೇನೆ. ಅದನ್ನು ಬಿಟ್ಟು ಉಳಿದದ್ದನ್ನು ಬರೆದರೆ ನಾನೇ ದೊಡ್ಡ ಬುದ್ಧಿವಂತೆ ಎಂದು ಕಾಣುತ್ತದೆ.

ಮಗುವಿಗೆ ಐದು ತಿಂಗಳು. ಮಧ್ಯಾಹ್ನ ಮಲಗಿದ್ದು ಸಂಜೆಯ ಹೊತ್ತಿಗೆ ಎದ್ದಿತು. ತೊಡೆಯ ಮೇಲೆ ಕೂರಿಸಿಕೊಂಡು ದೇವರ ಮುಂದೆ ದೀಪ ಹಚ್ಚಿದೆ. ಮಗುವಿನ ತಲೆ ಮುಂದಕ್ಕೆ ಬಾಗಿತು. ಎರಡೂ ಕೈ ಮೇಲೆದ್ದು ಎದೆಯ ಹತ್ತಿರ ಒಂದಾದವು. ಒಂದು ಗಳಿಗೆ ಹಾಗೆ ಇದ್ದು ಬಿಟ್ಟುಕೊಂಡಿತು. ಮತ್ತೆ ತಲೆ ಬಾಗಿತು, ಮತ್ತೆ ಕೈ ಕೂಡಿದವು. ಹೀಗೇ ಆರೇಳು ಸಲ.

"ಬನ್ನಿ ಇಲ್ಲಿ, ಬೇಗ ಬನ್ನಿ! ಕೂಸು ಜೇಜೇ ಮಾಡ್ತದೆ ನೋಡಿ!" ಎಂದು ಕೂಗಿದ್ದು ನಾನು.

ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದನ್ನು ಕಲಿಸುತ್ತಾರೆ. ದೀಪದ ಮುಂದೆ ಮಗುವಿನ ಎರಡೂ ಕೈ ಹಿಡಿದು ಕೂಡಿಸಿ 'ಜೇಜೇ ಮಾಡು' ಎನ್ನುತ್ತಾ ದಿನಾ ಮಾಡಿಸಿದರೆ, ಒಂಬತ್ತು ಹತ್ತು ತಿಂಗಳಿಗೆ ತಾನೇ ಮಾಡುತ್ತದೆ. ನನ್ನ ನಾಲ್ಕೂ ಮಕ್ಕಳು ಹಾಗೇ ಕಲಿತದ್ದು. ಇವಳು ಐದನೇ ತಿಂಗಳಿಗೆ, ಯಾರೂ ಕಲಿಸದೆ ಮಾಡಿದಳು. ನನಗೆ ಅನುಮಾನ ಬರಬೇಕಿತ್ತು. ಬಂದದ್ದು ಜಂಬ.

ಮರುದಿನವೂ ಮಾಡಿದಳು. ಅದರ ಮರುದಿನವೂ. ಬೆಳಿಗ್ಗೆ ಎದ್ದಾಗಲೂ ಮಾಡುತ್ತಿದ್ದಳು, ಆಗ ಕಿಟಕಿಯ ಬೆಳಕಿಗೆ ಮಾಡಿದಳು ಎಂದುಕೊಂಡೆವು. ಅಕ್ಕಪಕ್ಕದ ಹೆಂಗಸರು ದೀಪ ಹಚ್ಚುವ ಹೊತ್ತಿಗೆ ಬಂದು ಕೂರತೊಡಗಿದರು. ಬಂದವರಿಗೆ ಚಹಾ ಕೊಟ್ಟು, ಮಗುವನ್ನು ನಿದ್ದೆಯಿಂದ ಎಬ್ಬಿಸಿ ತೋರಿಸಿದ್ದೇನೆ. ಸೊಸೆ ಫೋನಿನಲ್ಲಿ ವಿಡಿಯೊ ಹಿಡಿದಳು.

ಅನುಮಾನ ಮೊದಲು ಬಂದದ್ದು ಸೊಸೆಗೆ.

"ಅತ್ತೀ, ಕೈ ಕೂಡಿಸೂವಾಗ ಕಣ್ಣು ಮ್ಯಾಲ ಹೋಗ್ತಾವ ನೋಡ್ರಿ. ಮುಗದ ಮ್ಯಾಲ ಅಳ್ತೈತಿ. ದೇವರಿಗೆ ಕೈ ಮುಗುದು ಯಾರರ ಅಳ್ತಾರೇನ್ರಿ?"

"ನಾಕು ಹೆತ್ತು ಸಾಕಿದವಳು ನಾನೋ ನೀನೋ? ಹಂಗೆಲ್ಲ ಬಾಯಿಬಿಟ್ಟು ಹೇಳಿ ದೃಷ್ಟಿ ಹಾಕಬೇಡ, ಸುಮ್ನಿರು."

ಅವಳು ಸುಮ್ಮನಾದಳು. ಮೊದಲ ಮಗು, ಬಾಣಂತನ ಮಾಡಿದವಳು ನಾನು, ಎದುರಾಡುವ ಧೈರ್ಯ ಅವಳಿಗೆ ಎಲ್ಲಿಂದ ಬರಬೇಕು? ಆ ಹೊತ್ತಿಗೆ ಮಗು ನಗುವುದನ್ನು ನಿಲ್ಲಿಸಿತ್ತು. ಮೂರನೇ ತಿಂಗಳಲ್ಲಿ ಮುಖ ನೋಡಿ ನಗುತ್ತಿದ್ದ ಕೂಸು ಗೋಡೆ ನೋಡಿಕೊಂಡು ಮಲಗುತ್ತಿತ್ತು. ಅದು ನನ್ನ ಕಣ್ಣಿಗೂ ಬಿದ್ದಿತ್ತು. 'ಅಜ್ಜನ ಹಾಗೆ ಗಂಭೀರ ಸ್ವಭಾವ' ಎಂದೆ.

ಮಗುವಾದರೆ ಚಂದಗುಳಿಯ ಘಂಟಿಗಣಪನಿಗೆ ಘಂಟೆ ಕಟ್ಟುತ್ತೇನೆ ಎಂದು ಮಗ ಹೇಳಿಕೊಂಡಿದ್ದ. ಏಳನೇ ತಿಂಗಳಲ್ಲಿ ಹೋದೆವು. ಯಲ್ಲಾಪುರದ ದಾರಿಯುದ್ದಕ್ಕೂ ಮಲಗಿದ್ದ ಮಗು ದೇವಸ್ಥಾನದ ಒಳಗೆ ಘಂಟೆಗಳ ಸದ್ದಿಗೆ ಎದ್ದಿತು. ಎದ್ದು ನಾಲ್ಕು ನಿಮಿಷಕ್ಕೆ ಶುರುಮಾಡಿತು. ಹದಿನೈದು ಸಲವೋ ಇಪ್ಪತ್ತು ಸಲವೋ ಆಯಿತು. ಸುತ್ತ ನಿಂತವರು ನೋಡುತ್ತಾ ನಿಂತರು. ಗುರುತಿಲ್ಲದ ಹೆಂಗಸೊಬ್ಬಳು ಮಗುವಿನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನನ್ನ ಎದೆ ಉಬ್ಬಿತು. ಆ ಇಪ್ಪತ್ತು ಸಲದಲ್ಲಿ ಮಗುವಿನ ತಲೆಯ ಒಳಗೆ ಏನು ನಡೆಯುತ್ತಿತ್ತು ಎಂದು ಈಗ ಗೊತ್ತಿದೆ. ಆಗ ಎದೆ ಉಬ್ಬಿತ್ತು ಎನ್ನುವುದನ್ನೂ ಬರೆಯಬೇಕು.

ಒಂಬತ್ತನೇ ತಿಂಗಳ ಸೂಜಿ ಹಾಕಿಸಲು ಸೊಸೆ ಒಬ್ಬಳೇ ಹೋದಳು. ನನಗೆ ಹೇಳದೆ ನರ್ಸಿಗೆ ಫೋನಿನ ವಿಡಿಯೊ ತೋರಿಸಿದಳು. ನರ್ಸ್ ಎರಡನೇ ಸಲ ನೋಡಲಿಲ್ಲವಂತೆ. "ಇದು ಕೈ ಮುಗಿಯೋದಲ್ಲ ಮಾರಾಯ್ತಿ, ಫಿಟ್ಸು. ಸೂಜಿ ಆಮೇಲೆ ನೋಡೋಣ. ಇವತ್ತೇ ಹುಬ್ಬಳ್ಳಿಗೆ ಹೊರಡು" ಎಂದಳಂತೆ.

ಹುಬ್ಬಳ್ಳಿಯಲ್ಲಿ ತಲೆಗೆ ವೈರು ಹಚ್ಚಿ ಪರೀಕ್ಷೆ ಮಾಡಿದರು. ಆಮೇಲೆ ಡಾಕ್ಟರಮ್ಮ ವಿಡಿಯೊ ಕೇಳಿದರು. ಆ ಕೋಣೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಫೋನಿನಿಂದ ನನ್ನ ದನಿ ಬಂತು. "ಇನ್ನೊಂದ್ಸಲ ಮಾಡು ಪುಟ್ಟಾ, ಇನ್ನೊಂದ್ಸಲ. ಹ್ಞಾಂ, ಹಂಗೆ!" ಡಾಕ್ಟರಮ್ಮ ಅದನ್ನು ಪೂರ್ತಿ ನೋಡಿದರು. ಮುಖದಲ್ಲಿ ಏನೂ ತೋರಿಸಲಿಲ್ಲ.

"ಶುರುವಾಗಿ ಎಷ್ಟು ದಿನ ಆಯ್ತು?"

"ನಾಲ್ಕು ತಿಂಗಳು" ಎಂದ ಮಗ.

ನಾನು ಕೇಳಿದೆ, "ನಾಕು ತಿಂಗಳ ಹಿಂದೆ ತಂದಿದ್ರೆ ಸಮ ಆಗ್ತಿತ್ತಾ?"

"ಹೇಳೋಕಾಗಲ್ಲ ಅಜ್ಜಿ. ಬೇಗ ಬಂದ ಕೆಲವು ಮಕ್ಕಳಿಗೆ ಒಳ್ಳೇದಾಗುತ್ತೆ. ಕೆಲವಕ್ಕೆ ಬೇಗ ಬಂದರೂ ಆಗಲ್ಲ."

'ಇಲ್ಲ' ಎಂದಿದ್ದರೆ ನನಗೆ ಸಾಕಿತ್ತು. ಅವರು 'ಇಲ್ಲ' ಎನ್ನಲಿಲ್ಲ.

ದಿನ ಬಿಟ್ಟು ದಿನ ಸೂಜಿ ಚುಚ್ಚಿದರು. ಮಗುವಿಗೆ ಮೈ ಬಂತು, ಕೆನ್ನೆ ಊದಿ ಕಣ್ಣು ಸಣ್ಣಗಾದವು. ಅದೇ ಹೊತ್ತಿಗೆ ಹೇರೂರಿನಲ್ಲಿ ನಾದಿನಿಯ ಮನೆಯ ಗೃಹಪ್ರವೇಶಕ್ಕೆ ಹೋಗಬೇಕಾಯಿತು. ನಾದಿನಿ ಮಗುವಿನ ಕೆನ್ನೆ ಹಿಂಡಿ, "ಎಂತ ತಿನ್ಸಿ ಸಾಕ್ತೀರೇ ಅತ್ತಿಗೆ? ಬೆಣ್ಣೆ ಮುದ್ದೆ ಆಗಿದೆಯಲ್ಲೇ!" ಎಂದಳು.

"ಬೆಣ್ಣೆ ಅಲ್ಲ, ಔಷಧಿ ಊತ ಅದು" ಎಂದೆ.

"ನಿನ್ನ ಬಾಯಲ್ಲಿ ಒಳ್ಳೆ ಮಾತು ಬರೂದೇ ಇಲ್ಲ ಬಿಡು" ಎಂದು ಒಳಗೆ ಹೋದಳು. ಆಮೇಲೆ ಅಂಥ ಕಾರ್ಯಗಳಿಗೆ ನಾನೊಬ್ಬಳೇ ಹೋಗಿ ಉಂಡು ಬರುತ್ತೇನೆ.

ಬಾಗುವುದು ನಿಂತಿತು. ಐದಾರು ತಿಂಗಳು ಏನೂ ಇರಲಿಲ್ಲ. ಆಮೇಲೆ ಬೇರೆ ರೀತಿಯಲ್ಲಿ ಬಂತು. ಮೈ ಕಟ್ಟಿಗೆಯ ಹಾಗೆ ಬಿಗಿಯುವುದು, ಕೂತಲ್ಲೇ ತಲೆ ಧೊಪ್ಪನೆ ಬೀಳುವುದು. ಅದು ಇವತ್ತಿಗೂ ಇದೆ.

ಸಿರಸಿಯಲ್ಲಿ ಗುರುವಾರಕ್ಕೊಮ್ಮೆ ಇಂಥ ಮಕ್ಕಳಿಗೆ ಕೈಕಾಲು ಆಡಿಸುವುದನ್ನು ಹೇಳಿಕೊಡುವ ಹುಡುಗಿಯೊಬ್ಬಳು ಬರುತ್ತಾಳೆ. ಅವಳು ಒಂದು ಅಚ್ಚು ಹಾಕಿದ ಹಾಳೆ ಕೊಟ್ಟಳು. ಎಡಗಡೆ ಸಾಲು ಸಾಲು ಬರೆದಿದೆ. ಕುತ್ತಿಗೆ ನಿಲ್ಲುತ್ತದೆ, ಸದ್ದಿನ ಕಡೆ ತಿರುಗುತ್ತದೆ, ಕೈ ಚಾಚುತ್ತದೆ, ತಾಯಿಯನ್ನು ಗುರುತಿಸುತ್ತದೆ. ಬಲಗಡೆ ಮೂರು ಮನೆ. 'ತಾನೇ ಮಾಡುತ್ತದೆ', 'ಸಹಾಯದಿಂದ ಮಾಡುತ್ತದೆ', 'ಮಾಡುವುದಿಲ್ಲ'. ತಿಂಗಳಿಗೆ ಒಂದು ಹಾಳೆ. ಹುಬ್ಬಳ್ಳಿಗೆ ಹೋಗುವಾಗ ಒಯ್ಯಬೇಕು, ಅಲ್ಲಿಯವರು ಅದನ್ನು ನೋಡಿ ಮಾತ್ರೆ ಹೆಚ್ಚು ಕಡಿಮೆ ಮಾಡುತ್ತಾರೆ.

"ಅಮ್ಮ ಬರೀಲಿ" ಎಂದಳು ಹುಡುಗಿ.

"ನಾ ಬರೀತೆ. ಹಗಲೆಲ್ಲ ಕೂಸು ನನ್ನ ಹತ್ರ ಇರ್ತದೆ" ಎಂದೆ. ಅದು ಅರ್ಧ ಕಾರಣ. ಉಳಿದ ಅರ್ಧ, ಒಮ್ಮೆ ಕಣ್ಣಿದ್ದೂ ಕಾಣದೇ ಹೋದವಳು ನಾನು. ಇನ್ನು ಮೇಲೆ ಕಂಡದ್ದನ್ನೂ ಹತ್ತು ಸಲ ನೋಡದೆ ನಂಬಬಾರದು ಎಂದು ಹಟ ಹಿಡಿದೆ.

ಪೆನ್ಸಿಲ್ ತಂದುಕೊಂಡೆ. ಗುರುತು ಹಾಕುವುದಕ್ಕೆ ಮೊದಲು ಹತ್ತು ಸಲ ನೋಡುವುದು ಎಂದು ಹುಡುಗಿಯೇ ಹೇಳಿಕೊಟ್ಟಿದ್ದಳು. ನಾನು ಅದಕ್ಕೆ ಇನ್ನಷ್ಟು ಸೇರಿಸಿದೆ. ಬಟ್ಟಲು ಬಡಿದಾಗ ಮಗು ತಿರುಗಿದರೆ, ಸದ್ದಿಗೆ ತಿರುಗಿತೋ ನನ್ನ ಕೈಯ ನೆರಳಿಗೋ? ಬಾಗಿಲ ಹಿಂದೆ ನಿಂತು ಬಡಿದೆ. ಬಾಯಿ ಅಗಲಿಸಿದರೆ, ನಗುವೋ ಹೊಟ್ಟೆಯ ವಾಯುವೋ? ಬೆನ್ನು ತಟ್ಟಿ ತೇಗಿಸಿ, ಆಮೇಲೆ ನೋಡಿದೆ. ಹೆಚ್ಚಿನ ನಗು ತೇಗಿನ ಜೊತೆ ಹೋಗುತ್ತಿತ್ತು. ಭತ್ತ ಅಳೆಯುವಾಗ ಕೊಳಗಕ್ಕೆ ಒಂದು ಗೆರೆ ಎಳೆಯುವ ಹಾಗೆ ಗೋಡೆಯ ಕ್ಯಾಲೆಂಡರಿನ ಹಿಂದೆ ಗೆರೆ ಎಳೆದು, ಹತ್ತರಲ್ಲಿ ಏಳಾದರೂ ಬಂದರೆ ಮಾತ್ರ ಹಾಳೆಗೆ ಹಾಕುತ್ತಿದ್ದೆ.

"ನಮ್ಮ ಬಸ್ಸಿಗೆ ಟಿಕೆಟ್ ಚೆಕಿಂಗಿಗೆ ಹತ್ತುತಾರಲ್ಲ ಅವ್ವ, ಅವರೂ ನಿನ್ನಷ್ಟು ಖಡಕ್ ಇಲ್ಲ" ಎಂದು ಮಗ ನಗುತ್ತಿದ್ದ. ಅವನು ನಗುವುದು ಅಷ್ಟಕ್ಕೇ. ಹಾಳೆಯನ್ನು ಅವನು ಒಮ್ಮೆಯೂ ಕೈಯಲ್ಲಿ ಹಿಡಿದು ನೋಡಿದವನಲ್ಲ.

ಎರಡೂವರೆ ವರ್ಷಕ್ಕೆ ಕುತ್ತಿಗೆ ನಿಂತಿತು. ಮೂರಕ್ಕೆ 'ಬಾ ಬಾ' ಎಂಬ ಸದ್ದು ಬಂತು, ಹನ್ನೊಂದು ದಿನ ಇತ್ತು. ಜ್ವರ ಬಂತು, ಜ್ವರದ ಜೊತೆ ಫಿಟ್ಸ್ ಹೆಚ್ಚಿದವು, ಸದ್ದು ಹೋಯಿತು. ಇವತ್ತಿನವರೆಗೂ ಬಂದಿಲ್ಲ. ನಾನು ಸಾಕಿದ ಮಕ್ಕಳು ಒಂದು ಕಲಿತ ಮೇಲೆ ಇನ್ನೊಂದು ಕಲಿತವು. ಇವಳಲ್ಲಿ ಹಾಗಿಲ್ಲ. ಕಲಿತದ್ದು ನಾಳೆ ಇರುತ್ತದೆ ಎಂದೂ ಇಲ್ಲ. ಹೋದ ವರ್ಷದ ಹಾಳೆಯನ್ನು ಈ ವರ್ಷದ್ದರ ಪಕ್ಕ ಇಟ್ಟರೆ ಯಾವುದು ಹಿಂದಿನದು ಯಾವುದು ಮುಂದಿನದು ಎಂದು ಗುರುತು ಹಿಡಿಯಲು ಆಗುವುದಿಲ್ಲ.

ಸೊಸೆ ಹಾಳೆಯಲ್ಲಿ ನೋಡುತ್ತಿದ್ದದ್ದು ಒಂದೇ ಸಾಲು. 'ತಾಯಿಯನ್ನು ಗುರುತಿಸುತ್ತದೆ.' ನಡೆಯುವುದು ಮಾತಾಡುವುದು ಅವಳಿಗೂ ಬೇಡವಾಗಿತ್ತು, ಅಂಥ ಆಸೆಯನ್ನು ಎಂದೋ ಬಿಟ್ಟಿದ್ದಳು. ತಾನು ಯಾರು ಎಂದು ಮಗುವಿಗೆ ಗೊತ್ತಿದೆಯೇ, ಅದೊಂದು ತಿಳಿದರೆ ಸಾಕಾಗಿತ್ತು. ಪ್ರತಿ ತಿಂಗಳೂ ಆ ಸಾಲಿನಲ್ಲಿ ನಾನು ಕೊನೆಯ ಮನೆಗೆ ಗುರುತು ಹಾಕುತ್ತಿದ್ದೆ.

"ಅತ್ತೀ, ನಾ ಎತ್ತಿಕೊಂಡ್ರ ಸುಮ್ಮನಾಗ್ತೈತಿ. ಅದು ಗುರುತಲ್ಲೇನ್ರಿ?"

"ನಾ ಎತ್ತಿದ್ರೂ ಸುಮ್ನಾಗ್ತದೆ. ದಿಂಬಿಗೆ ಒರಗ್ಸಿದ್ರೂ ಸುಮ್ನಾಗ್ತದೆ."

"ಒಂದರ ಛಲೋ ಮಾತು ಆಡ್ರಿ."

"ಛಲೋ ಮಾತು ಆಡಿಯೇ ನಾಕು ತಿಂಗಳು ಕಳ್ದದ್ದು."

ಅವಳು ಮಷಿನಿನ ಮುಂದೆ ಹೋಗಿ ಕೂತು ಜೋರಾಗಿ ತುಳಿಯುತ್ತಿದ್ದಳು. ಆ ಸದ್ದಿನಲ್ಲಿ ಅವಳು ಏನು ಬೈದರೂ ನನಗೆ ಕೇಳಿಸುತ್ತಿರಲಿಲ್ಲ.

ಮಗುವಿಗೆ ನಾಲ್ಕು ತುಂಬಿದಾಗ ಹುಬ್ಬಳ್ಳಿಯ ಸರದಿ ಬಂತು. ಮುಂಡಗೋಡದ ಮೇಲೆ ಹೋದರೆ ಹತ್ತಿರ, ಆದರೆ ಮಗನಿಗೆ ಆ ದಿನ ಯಲ್ಲಾಪುರದ ಬಸ್ಸಿನಲ್ಲಿ ಡ್ಯೂಟಿ. ಅವನಿದ್ದರೆ ಮಗುವನ್ನು ಮಲಗಿಸಿಕೊಳ್ಳಲು ಮೂರು ಜನರ ಸೀಟು ಸಿಗುತ್ತದೆ ಎಂದು ಹಾಗೇ ಹೋದೆವು. ಯಲ್ಲಾಪುರ ಬಸ್ ಸ್ಟ್ಯಾಂಡಿನಲ್ಲಿ ನಮ್ಮನ್ನು ಇಳಿಸಿ ಅವನು ವಾಪಸು ಹೊರಟ. ಹುಬ್ಬಳ್ಳಿ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಹಾಳೆಗಳು ಸರಿಯಾಗಿ ಇವೆಯೇ ನೋಡೋಣ ಎಂದು ಬೆಂಚಿನ ಮೇಲೆ ಕೂತು ಫೈಲು ಬಿಚ್ಚಿದೆ.

ಹಿಂದಿನ ಮೂರು ತಿಂಗಳ ಹಾಳೆಗಳಲ್ಲಿ ನೀಲಿ ಬಾಲ್‌ಪೆನ್ನಿನ ಗುರುತುಗಳು. ಸದ್ದಿಗೆ ತಿರುಗುತ್ತದೆ, ತಾನೇ. ಕೈ ಚಾಚುತ್ತದೆ, ಸಹಾಯದಿಂದ. ತಾಯಿಯನ್ನು ಗುರುತಿಸುತ್ತದೆ, ತಾನೇ. ರಬ್ಬರಿನಿಂದ ಉಜ್ಜಿ ಮಾಸಿದ ನನ್ನ ಪೆನ್ಸಿಲ್ ಗುರುತುಗಳು ಪಕ್ಕದಲ್ಲಿ ಬಡವರ ಹಾಗೆ ಇದ್ದವು.

"ಇದು ಎಂತದೇ?"

ಸೊಸೆ ಮಗುವಿನ ಬಾಯಿ ಒರೆಸುತ್ತಾ, "ಗುರುತು" ಎಂದಳು.

"ಗುರುತು ಅಂತ ನಂಗೂ ಗೊತ್ತು. ಯಾವಾಗ ತಿರುಗ್ತು? ಯಾವಾಗ ಕೈ ಚಾಚ್ತು? ನಾನೆಲ್ಲಿ ಸತ್ತಿದ್ದೆ ಆವಾಗ?"

"ಹಂಗ ಒದರಬ್ಯಾಡ್ರಿ, ಮಂದಿ ನೋಡಾಕತ್ತಾರ."

"ನೋಡ್ಲಿ. ಇದನ್ನ ನೋಡಿ ಅವರು ಮಾತ್ರೆ ಕೊಡೂದು. ಸುಳ್ಳಿಗೆ ಮಾತ್ರೆ ಕೊಟ್ರೆ ನುಂಗೂದು ಯಾರು? ನೀನಾ?"

ಪಕ್ಕದಲ್ಲಿ ಶೇಂಗಾ ಮಾರುವವನು ಬುಟ್ಟಿ ಇಟ್ಟುಕೊಂಡು ನಮ್ಮ ಜಗಳ ಕೇಳುತ್ತಾ ನಿಂತಿದ್ದ. "ಎಂತ ಬೇಕು?" ಎಂದೆ ಅವನಿಗೆ. ಅವನು ಹೋದ.

"ಅತ್ತೀ," ಎಂದಳು ಸೊಸೆ, ದನಿ ತಗ್ಗಿಸಿ. "ಎಲ್ಲಾದಕ್ಕೂ ಇಲ್ಲ ಇಲ್ಲ ಅಂತ ಬರಕೊಂಡು ಹೋದ್ರ, ಇನ್ನ ಬರಬ್ಯಾಡ್ರಿ, ಇದು ಇಷ್ಟ ಅಂದ್ರ ಏನ್ ಮಾಡೂದ್ರಿ? ಹಾಳಿ ನೋಡಿ ಅವ್ರಿಗೂ ಬ್ಯಾಸರ ಆಗಬಾರದಲ್ರಿ. ಅಲ್ಲಿ ಹೇಳಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ನಾನು ಹಾಳೆಗಳನ್ನು ಮತ್ತೆ ಫೈಲಿಗೆ ಸೇರಿಸಿದೆ. ಹುಬ್ಬಳ್ಳಿ ಬಸ್ಸಿನಲ್ಲಿ ಮಗುವಿನ ತಲೆ ಅವಳ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ದಾರಿಯಲ್ಲಿ ಎರಡು ಸಲ ಮೈ ಬಿಗಿಯಿತು.

ಡಾಕ್ಟರಮ್ಮ ಹಾಳೆ ತಿರುವಿ ಹಾಕಿ, "ಅರೆ, ಚೆನ್ನಾಗಿದೆಯಲ್ಲ! ಮೂರು ತಿಂಗಳಲ್ಲಿ ಇಷ್ಟು ಸುಧಾರಿಸಿದ್ದರೆ ಇದೇ ಮಾತ್ರೆ ಮುಂದುವರಿಸೋಣ" ಎಂದರು. ಅವರ ಮುಖದಲ್ಲಿ ಈ ಮೂರು ವರ್ಷದಲ್ಲಿ ನೋಡದ ಸಂತೋಷ ಇತ್ತು. ಸೊಸೆ ನನ್ನನ್ನೇ ನೋಡುತ್ತಿದ್ದಳು. ಕಣ್ಣು ಮಿಟುಕಿಸುತ್ತಿರಲಿಲ್ಲ.

"ನೀಲಿ ಗುರುತು ಬಿಟ್ಟು ನೋಡಿ" ಎಂದೆ. "ಪೆನ್ಸಿಲ್ಲಿಂದು ಮಾತ್ರ ನಿಜ."

ಅವರು ಮತ್ತೆ ಮೊದಲ ಹಾಳೆಯಿಂದ ನೋಡಿದರು. ಸಂತೋಷ ಮುಖದಿಂದ ಇಳಿದುಹೋಯಿತು. ಸೊಸೆಗೆ ಬೈಯಲಿಲ್ಲ. "ಬರಬೇಡಿ ಅಂತ ನಾವು ಯಾರಿಗೂ ಹೇಳಲ್ಲಮ್ಮ" ಎಂದಷ್ಟೇ ಹೇಳಿದರು, ಅವಳು ಬಾಯಿ ಬಿಟ್ಟು ಹೇಳದಿದ್ದರೂ. ಮಾತ್ರೆ ಬದಲಿಸಿದರು.

ಹೊಸ ಮಾತ್ರೆಯಿಂದ ಒಳ್ಳೆಯದಾಯಿತು ಎಂದು ಬರೆಯುವ ಹಾಗಿದ್ದರೆ ನಾನು ಮಾಡಿದ್ದು ಸರಿ ಎಂದಾಗುತ್ತಿತ್ತು. ಹಾಗಾಗಲಿಲ್ಲ. ತಲೆ ಬೀಳುವುದು ಸ್ವಲ್ಪ ಕಡಿಮೆಯಾಯಿತು, ಮಗು ಹಗಲೂ ಮಲಗತೊಡಗಿತು. ಅಗಿಯಲು ಕಲಿತಿದ್ದ ಅಷ್ಟಿಷ್ಟನ್ನೂ ಮರೆಯಿತು. ಮಿದುವಾದ ಅನ್ನದಿಂದ ಮತ್ತೆ ಗಂಜಿಗೆ ಬಂದೆವು. ನಿಜ ಹೇಳಿ ಸಿಕ್ಕಿದ್ದು ಅದು.

ಸೊಸೆ ನನ್ನ ಜೊತೆ ಮಾತು ಬಿಟ್ಟಳು. ಬಿಟ್ಟಳು ಅಂದರೆ ಪೂರ್ತಿ ಅಲ್ಲ, ಒಂದೇ ಮನೆಯಲ್ಲಿ ಇದ್ದು ಅದು ಆಗುವುದಿಲ್ಲ. ಮಗುವಿನ ಮುಖಾಂತರ ಮಾತಾಡುತ್ತಿದ್ದಳು. "ನಿಮ್ಮಜ್ಜಿಗೆ ಹೇಳು, ಚಹಾ ಆರಾಕತ್ತೈತಿ ಅಂತ." "ನಿಮ್ಮಜ್ಜಿಗೆ ಹೇಳು, ನೀರು ಬಂದೈತಿ, ಕೊಡ ಇಡಬೇಕು ಅಂತ." ನಾನೂ ಹಾಗೇ ಹೇಳುತ್ತಿದ್ದೆ. "ನಿನ್ನ ಅಮ್ಮಂಗೆ ಹೇಳು, ನಾಕು ಗಂಟೆ ಮಾತ್ರೆ ಕೊಟ್ಟಾಯ್ತು ಅಂತ." ನಮ್ಮ ಕಡೆ ಅತ್ತೆ ಸೊಸೆ ಸಿಟ್ಟಾದಾಗ ಮಕ್ಕಳ ಮುಖಾಂತರ ಹೀಗೆ ಮಾತಾಡುವುದು ಇದ್ದದ್ದೇ, ಮಕ್ಕಳು ಆಚೆಯದು ಈಚೆ ಹೇಳಿ ನಗಿಸಿ ಜಗಳ ಮುಗಿಸುತ್ತವೆ. ನಮ್ಮ ಮಗು ಇಬ್ಬರ ನಡುವೆ ಚಾಪೆಯ ಮೇಲೆ ಚಾವಣಿ ನೋಡುತ್ತಾ ಮಲಗಿರುತ್ತಿತ್ತು. ಜಗಳ ಎರಡು ತಿಂಗಳು ನಡೆಯಿತು.

ಒಂದು ಬೆಳಿಗ್ಗೆ, ಹನ್ನೊಂದರ ಹೊತ್ತು, ಮಗು ಎಚ್ಚರವಿತ್ತು. ಹಿಂದಿನ ಎರಡು ದಿನ ಫಿಟ್ಸ್ ಇರಲಿಲ್ಲ. ಸೊಸೆ ಮಷಿನ್ ನಿಲ್ಲಿಸಿ ಎದ್ದು ಬಂದಳು. ನನ್ನ ಎದುರು ನಿಂತು, ಮಗುವಿಗಲ್ಲ, ನನಗೇ ಹೇಳಿದಳು.

"ನನ್ನ ಸಾಲು ಒಮ್ಮೆ ಸರಿಯಾಗಿ ಪರೀಕ್ಷಾ ಮಾಡ್ರಿ. ನಿಮ್ಮ ರೀತಿನ. ಇಲ್ಲ ಅಂದ್ರ ಇಲ್ಲ. ಮತ್ತ ನಾ ಕೇಳಂಗಿಲ್ಲ."

ಮಗುವನ್ನು ಮೂಲೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ, ಎರಡೂ ಬದಿಗೆ ದಿಂಬು ಇಟ್ಟು ಕೂರಿಸಿದೆ. ಫ್ಯಾನ್ ನಿಲ್ಲಿಸಿದೆ, ರೇಡಿಯೊ ನಿಲ್ಲಿಸಿದೆ. ಅವಳು ಹಿಂದೆ, ಬಾಗಿಲ ಹತ್ತಿರ ನಿಲ್ಲಬೇಕು, ಮಗುವಿಗೆ ಕಾಣಬಾರದು. ಕರೆದ ಮೇಲೆ ಇಪ್ಪತ್ತು ಎಣಿಸುವುದು. ಅಷ್ಟರೊಳಗೆ ತಿರುಗಿದರೆ ಒಂದು ಗೆರೆ.

"ಬಳೆ ತೆಗಿ" ಎಂದೆ.

"ಏನು?"

"ಕೈ ಆಡ್ದ ಕೂಡ್ಲೆ ಗಾಜಿನ ಬಳೆ ಸದ್ದಾಗ್ತದೆ. ನಿನ್ನ ದನಿಗೆ ತಿರುಗ್ತೋ ಬಳೆಗೆ ತಿರುಗ್ತೋ ಗೊತ್ತಾಗ್ಬೇಕಲ್ಲ."

"ಗಂಡ ಡ್ಯೂಟಿ ಮ್ಯಾಲ ಬಸ್ಸಿನಾಗ ಅದಾನ್ರಿ. ಬಳಿ ತಗಿ ಅಂತ ನಿಮ್ಮ ಬಾಯಿಲೆ ಹೆಂಗ ಬರ್ತೈತ್ರಿ? ಅವ ನಿಮ್ಮ ಮಗಾ!"

ಅವಳು ಹೇಳಿದ್ದು ಸರಿಯಾಗಿತ್ತು. ಅಷ್ಟು ನನಗೆ ಹೊಳೆದಿರಲಿಲ್ಲ. ಪರೀಕ್ಷೆಯ ಗುಂಗಿನಲ್ಲಿ ಮಗನನ್ನೇ ಮರೆತಿದ್ದೆ. ಕೊನೆಗೆ ಅವಳೇ ರವಿಕೆಯ ಕತ್ತರಿಸಿದ ಚೂರುಗಳನ್ನು ತಂದು ಎರಡೂ ಮುಂಗೈಗೆ ಬಳೆಗಳ ಮೇಲೆ ಬಿಗಿಯಾಗಿ ಸುತ್ತಿಕೊಂಡಳು. ಒಂದು ಕೈಗೆ ಹಸಿರು, ಒಂದು ಕೈಗೆ ಕೆಂಪು. ಕೈ ಆಡಿಸಿ ತೋರಿಸಿದಳು. ಸದ್ದಿಲ್ಲ.

ಮೊದಲ ಸಲ ಕರೆದಳು. ಮಗು ಗೋಡೆ ನೋಡುತ್ತಿತ್ತು, ಗೋಡೆಯನ್ನೇ ನೋಡಿತು. ಇಪ್ಪತ್ತು ಎಣಿಸಿದೆ. ಎರಡನೇ ಸಲವೂ ಇಲ್ಲ. ಮೂರನೇ ಸಲ ಕರೆದಾಗ ತಲೆ ಮೆಲ್ಲಗೆ, ಭಾರ ಎಳೆದ ಹಾಗೆ, ಎಡಕ್ಕೆ ಬಾಗಿಲ ಕಡೆ ತಿರುಗಿತು. ಗೆರೆ ಹಾಕಿದೆ. ನಾಲ್ಕು, ಐದು, ಆರು, ಏಳು, ಏನಿಲ್ಲ. ಅವಳ ದನಿ ಒಡೆಯತೊಡಗಿತು. "ಒಂದೇ ಥರ ಕರಿ, ಅತ್ತುಕೊಂಡು ಕರೀಬೇಡ" ಎಂದೆ. ಎಂಟಕ್ಕೆ ತಿರುಗಿತು. ಒಂಬತ್ತು, ಹತ್ತು, ಇಲ್ಲ.

"ಎಷ್ಟಾತ್ರಿ?"

"ಎರಡು."

"ಎರಡು ಅಂದ್ರ?"

"ಎರಡು ಅಂದ್ರೆ ಎರಡು. ಕುತ್ತಿಗೆ ನೋವಾಗಿ ತಿರುಗಿದ್ರೂ ಎರಡು ಸಲ ತಿರುಗ್ತದೆ."

ಅವಳು ಗೋಡೆಗೆ ಒರಗಿ ಕೂತಳು. "ಈಗ ನೀವು ಕರೀರಿ" ಎಂದಳು.

"ನಾ ಎಂತಕ್ಕೆ? ಹಾಳೆಯಲ್ಲಿ ಅಜ್ಜಿ ಅಂತ ಇಲ್ಲೆ."

"ಇರಲಿ. ಕರೀರಿ. ನಾ ಎಣಸ್ತೀನಿ."

ನಾನು ಬಾಗಿಲ ಹತ್ತಿರ ನಿಂತೆ. ನನ್ನ ಕೈಯಲ್ಲಿ ಬಳೆಯಿಲ್ಲ, ಸುತ್ತಿಕೊಳ್ಳುವುದು ಏನೂ ಇರಲಿಲ್ಲ. ದಿನಾ ಕರೆಯುವ ಹಾಗೆ ಕರೆದೆ. ಸೊಸೆ ಇಪ್ಪತ್ತು ಎಣಿಸಿದಳು. ಮತ್ತೆ ಕರೆದೆ. ನಾಲ್ಕನೆಯದೋ ಐದನೆಯದೋ ಹೊತ್ತಿಗೆ ಮಗುವಿನ ಬೆನ್ನು ಮಾತ್ರ ನೋಡುತ್ತಿದ್ದೆ. ಆ ಬೆನ್ನನ್ನು ದಿನಾ ಎಣ್ಣೆ ಹಚ್ಚಿ ಉಜ್ಜುವವಳು ನಾನು. ಹೊಟ್ಟೆಗೆ ಹಾಕುವವಳು, ಎತ್ತುವವಳು, ತೊಳೆಯುವವಳು ನಾನು. ಹತ್ತು ಸಲ ಕರೆದು ಮುಗಿಯಿತು. ಒಂದು ಸಲವೂ ತಿರುಗಲಿಲ್ಲ.

ಪೆನ್ಸಿಲ್ ತೆಗೆದುಕೊಂಡು ಕ್ಯಾಲೆಂಡರಿನ ಹಿಂದೆ ಸೊನ್ನೆ ಬರೆದೆ.

ಸೊಸೆ ನನ್ನ ಮುಖ ನೋಡಿದಳು, ಸೊನ್ನೆ ನೋಡಿದಳು. "ಅತ್ತೀ," ಎಂದಳು. "ಸುಮ್ಮ ತಿರುಗೂದಾಗಿದ್ರ ನಿಮಗೂ ಎರಡು ಸಲ ತಿರುಗತಿತ್ತಲ್ರಿ?"

ಅದನ್ನು ಅಲ್ಲಗಳೆಯಲು ನಾನು ಎಲ್ಲ ಕಡೆಯಿಂದ ಯೋಚಿಸಿದೆ. ಬೆಳಕು ಅದೇ. ಜಾಗ ಅದೇ. ಎಣಿಸಿದ್ದು ಅಷ್ಟೇ. ಏನೂ ಸಿಗಲಿಲ್ಲ.

"ಹೌದು" ಎಂದೆ. "ತಿರುಗ್ಬೇಕಿತ್ತು."

ಅವಳು ಅಳಲಿಲ್ಲ. ಮುಂಗೈಯ ಚೂರುಗಳನ್ನು ಬಿಚ್ಚಿ ಮಡಿಸಿ ಇಟ್ಟಳು.

"ನಿಮಗ ಬ್ಯಾಸರ ಆತೇನ್ರಿ?"

"ಅಕ್ಕಿ ತೊಳೀಬೇಕು" ಎಂದು ಒಳಗೆ ಹೋದೆ.

ನಾಳೆ ಮತ್ತೆ ನೋಡುವುದು, ನಾಡಿದ್ದು ಮತ್ತೆ ನೋಡುವುದು, ಆಮೇಲೆ ಹಾಳೆಗೆ ಹಾಕುವುದು ಎಂದು ಮಾತಾಡಿಕೊಂಡೆವು. ಮರುದಿನ ಬೆಳಿಗ್ಗೆ ಚಹಾದ ಹೊತ್ತಿಗೆ ಮೈ ಬಿಗಿಯಲು ಶುರುವಾಯಿತು. ಒಂದು ಬಿಟ್ಟರೆ ಇನ್ನೊಂದು. ಸಿರಸಿಯಲ್ಲೇ ಆಸ್ಪತ್ರೆಗೆ ಸೇರಿಸಿ ಮೂರು ದಿನ ಇಟ್ಟುಕೊಂಡರು. ಹುಬ್ಬಳ್ಳಿಗೆ ಫೋನು ಮಾಡಿ ಮಾತ್ರೆ ಹೆಚ್ಚಿಸಿದರು. ಮನೆಗೆ ಬಂದ ಮೇಲೆ ಹತ್ತು ದಿನ ಮಗು ಕಣ್ಣು ಬಿಡುವುದೇ ಅಪರೂಪವಾಗಿತ್ತು.

ಎಚ್ಚರ ಇರತೊಡಗಿದ ಮೇಲೆ ಮತ್ತೆ ಮೂಲೆಯಲ್ಲಿ ಕೂರಿಸಿದೆವು. ಸೊಸೆ ಕೈಗೆ ಬಟ್ಟೆ ಸುತ್ತಿಕೊಂಡು ಕರೆದಳು. ಹತ್ತರಲ್ಲಿ ಒಂದೂ ಇಲ್ಲ. ಮರುದಿನವೂ ಇಲ್ಲ. ಒಂದು ವಾರ ದಿನಾ ಹನ್ನೊಂದು ಗಂಟೆಗೆ ಮಷಿನ್ ನಿಲ್ಲಿಸಿ ಬಂದು ಕರೆದಳು. ಹತ್ತು ಮುಗಿದ ಮೇಲೂ ನಿಲ್ಲಿಸುತ್ತಿರಲಿಲ್ಲ, ಹನ್ನೊಂದು, ಹನ್ನೆರಡು, ಹದಿನೈದು. ನಾನು ಎಣಿಸುವುದನ್ನು ಬಿಟ್ಟು ಸುಮ್ಮನೆ ನಿಂತಿರುತ್ತಿದ್ದೆ. ಸಾಕು ಎನ್ನಲಿಲ್ಲ.

ತಿಂಗಳು ಮುಗಿಯಿತು. ಆ ಸಾಲಿನ ಪಕ್ಕ, ಅಂಚಿನಲ್ಲಿ, ನನ್ನ ಅಕ್ಷರದಲ್ಲಿ ಬರೆದೆ: 'ಒಂದು ದಿನ ತಾಯಿ ಕರೆದಾಗ ಎರಡು ಸಲ ತಿರುಗಿತು. ಈಗ ಇಲ್ಲ.'

ಗುರುವಾರ ಥೆರಪಿಯ ಹುಡುಗಿ ಅದನ್ನು ಓದಿ, ಹಾಳೆಯನ್ನು ಅತ್ತ ಇತ್ತ ತಿರುಗಿಸಿದಳು. "ಅಜ್ಜಿ, ಇದನ್ನ ಯಾವ ಮನೆಗೆ ಹಾಕೋದು? ಮೂರೇ ಇರೋದು."

ಸೊಸೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹಿಂದೆ ನಿಂತಿದ್ದಳು.

"ಮಾಡೂದಿಲ್ಲ ಅನ್ನೂದಕ್ಕೇ ಹಾಕು" ಎಂದೆ. "ಬದಿಯಲ್ಲಿ ಬರ್ದದ್ದು ಹಾಗೇ ಇರ್ಲಿ."

ಹುಡುಗಿ ಕೊನೆಯ ಮನೆಗೆ ಗುರುತು ಹಾಕಿದಳು. ಮುಂದಿನ ತಿಂಗಳ ಹಾಳೆ ಕೊಟ್ಟಳು.